ಎರಿ ನೆಲ, ನಾಲ್ಕು ಗಾಲಿ: ಇಟ್ಟಂಗಿಹಾಳದ ರಾಡಿ ಕಲಿಸಿದ ಪಾಠ

ಮಣ್ಣಿನ ಶಿಯರ್ ಸ್ಟ್ರೆಂತ್ ಅಂದರೇನು ಅಂತ ವೈವಾದಲ್ಲಿ ಕೇಳಿದರೆ ನಾವೆಲ್ಲ ಒಂದು ಸೂತ್ರ ಹೇಳಿ ಪಾರಾಗುತ್ತೇವೆ. ಅದೇ ಸೂತ್ರ ಒಂದು ಭಾನುವಾರ ಇಟ್ಟಂಗಿಹಾಳದ ಹತ್ತಿರ ಹೊಲದ ದಾರಿಯಲ್ಲಿ ನಮ್ಮನ್ನು ಎರಡೂವರೆ ತಾಸು ನಿಲ್ಲಿಸಿಬಿಟ್ಟಿತು. ಪುಸ್ತಕದಲ್ಲಿ ಅರ್ಧ ಪುಟ ಇರುವ ವಿಷಯ, ಮೊಣಕಾಲ ಮಟ ರಾಡಿಯಲ್ಲಿ ನಿಂತಾಗ ಪೂರ್ತಿ ಅರ್ಥ ಆಯಿತು. ಸಿವಿಲ್, ಮೆಕ್ಯಾನಿಕಲ್ ಎರಡೂ ಬ್ರಾಂಚಿನವರಿಗೆ ಉಪಯೋಗ ಆದೀತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಬ್ರಾಂಚಿನವರೂ ಓದಬಹುದು, ಲೆಕ್ಕ ಹತ್ತನೇ ಕ್ಲಾಸಿನದ್ದೇ.

ನಡೆದದ್ದು ಇಷ್ಟು

ಫೋರ್ ವೀಲ್ ಡ್ರೈವ್ ಗಾಡಿಗಳ ಹುಚ್ಚು ಇರುವ ಕೆಲವು ಹಿರಿಯರ ಜೊತೆ ನಾವು ನಾಲ್ಕು ಜನ ವಿದ್ಯಾರ್ಥಿಗಳು ಹೋಗಿದ್ದೆವು. ಒಟ್ಟು ಐದು ಗಾಡಿ. ಥಾರ್, ಜಿಮ್ನಿ, ಒಂದು ಹಳೇ ಜಿಪ್ಸಿ, ಒಂದು ಇನ್ನೂ ಹಳೇ ಜೀಪು, ಹೀಗೆ ಎಲ್ಲಾ ತಲೆಮಾರಿನವೂ ಇದ್ದವು. ಸೆಪ್ಟೆಂಬರ್ ತಿಂಗಳು, ಹಿಂದಿನ ರಾತ್ರಿ ಉತ್ತರಿ ಮಳೆ ಚೆನ್ನಾಗಿ ಹೊಡೆದಿತ್ತು. ಮುಂಜಾನೆ ಮಡ್ಡಿಯ ಮೇಲೆ ಗರಸು ನೆಲದಲ್ಲಿ ಏರಿದೆವು, ಇಳಿದೆವು. ಯಾವ ಗಾಡಿಗೂ ತೊಂದರೆ ಆಗಲಿಲ್ಲ. ಎಲ್ಲರಿಗೂ ಧೈರ್ಯ ಹೆಚ್ಚಾಯಿತು.

ಮಡ್ಡಿ ಇಳಿದು ಹಳ್ಳದ ಕಡೆ ತಿರುಗಿದ ಕೂಡಲೇ ನೆಲದ ಬಣ್ಣ ಬದಲಾಯಿತು. ಕೆಂಚು ಗರಸು ಮುಗಿದು ಕಪ್ಪು ಎರಿ ಶುರು. ಮೊದಲ ಎರಡು ಗಾಡಿ ಹೇಗೋ ದಾಟಿದವು, ದಾಟುವಾಗ ಮೇಲಿನ ಪದರ ಕಲಸಿ ಹೋದವು. ಮೂರನೆಯದು ನಡುವೆ ನಿಂತಿತು. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಕೆಳಗೆ ಹೋಯಿತೇ ವಿನಾ ಮುಂದೆ ಹೋಗಲಿಲ್ಲ. ಎರಡು ನಿಮಿಷದಲ್ಲಿ ಆಕ್ಸಲ್ ನೆಲಕ್ಕೆ ತಾಗಿತು. ನಾಲ್ಕನೇ ಗಾಡಿಯವರು ಅದನ್ನು ತಪ್ಪಿಸಿ ಮುಂದೆ ಹೋಗಲು ದಾರಿ ಬಿಟ್ಟು ಪಕ್ಕದ ಹೊಲಕ್ಕೆ ಇಳಿಸಿದರು. ಅದು ಬಿತ್ತಿದ ಹೊಲ ಅನ್ನುವುದನ್ನು ಯಾರೂ ಗಮನಿಸಲಿಲ್ಲ. ಆ ಕಥೆ ಕೊನೆಗೆ ಹೇಳುತ್ತೇನೆ.

ಎರಿ ಮಣ್ಣು ಹೀಗ್ಯಾಕೆ?

ನಮ್ಮ ಜಿಲ್ಲೆಯ ಕಪ್ಪು ಮಣ್ಣು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲು ಸವೆದು ಆದದ್ದು. ಇದರಲ್ಲಿ ಜೇಡಿಯ ಪಾಲು ಬಹಳ. ಆ ಜೇಡಿಯಲ್ಲಿ ಮುಖ್ಯವಾದ ಖನಿಜ ಮಾಂಟ್‌ಮೊರಿಲೊನೈಟ್. ಇದರ ಕಣ ಅಂದರೆ ಕಾಗದದ ಕಟ್ಟಿನ ಹಾಗೆ ಒಂದರ ಮೇಲೊಂದು ಪದರ. ನೀರು ಬಂದರೆ ಪದರಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಬ್ಯಾಸಿಗಿಯಲ್ಲಿ ಎರಿ ಹೊಲದಲ್ಲಿ ಕಾಲು ಸಿಗಬೀಳುವಷ್ಟು ಬಿರುಕು ಬಿಡುವುದು, ಊರಲ್ಲಿ ಮನೆ ಗೋಡೆ ಸೀಳುವುದು, ಟಾರ್ ರಸ್ತೆ ಅಲೆ ಅಲೆಯಾಗುವುದು ಎಲ್ಲಾ ಇದರ ಆಟವೇ.

ಇದೇ ಗುಣ ರೈತನಿಗೆ ವರ. ಉಬ್ಬಿದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಬಿಳಿಜೋಳ, ಕಡ್ಲಿ, ಕುಸುಬಿ ಆ ತೇವದ ಮೇಲೇ ಬೆಳೆಯುತ್ತವೆ. ಡೋಣಿ ಹೊಳೆ ಬಯಲಿನ ಬಗ್ಗೆ, ಅಲ್ಲಿ ಬೆಳೆದರೆ ಓಣಿಗೆಲ್ಲ ಕಾಳು ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಆದರೆ ಗಾಡಿ ಓಡಿಸುವವನಿಗೆ ಇದೇ ಗುಣ ಶಾಪ. ಒಣಗಿದಾಗ ಇಟ್ಟಂಗಿ ಹಾಗೆ ಗಟ್ಟಿ ಇರುವ ನೆಲ, ನೆನೆದಾಗ ಬೆಣ್ಣಿ.

ಹಿಡಿತದ ಲೆಕ್ಕ

ಗಾಲಿ ನೆಲವನ್ನು ಹಿಂದಕ್ಕೆ ತಳ್ಳಿದಾಗ ಗಾಡಿ ಮುಂದೆ ಹೋಗುತ್ತದೆ. ನೆಲ ಎಷ್ಟು ತಳ್ಳಿಸಿಕೊಂಡೀತು? ಮೋರ್-ಕೂಲಂಬ್ ಸೂತ್ರವನ್ನು ಗಾಲಿಗೆ ಹಾಕಿದರೆ ಹೀಗೆ ಬರುತ್ತದೆ:

ಹಿಡಿತ = (ಟೈರು ನೆಲಕ್ಕೆ ತಾಗುವ ವಿಸ್ತೀರ್ಣ × ಮಣ್ಣಿನ ಕೊಹೀಶನ್) + (ತೂಕ × ಫ್ರಿಕ್ಷನ್ ಕೋನದ ಟ್ಯಾನ್)

ಮರಳಿನಲ್ಲಿ ಕೊಹೀಶನ್ ಸುಮಾರು ಸೊನ್ನೆ. ಅಲ್ಲಿ ಎರಡನೇ ಭಾಗ ಕೆಲಸ ಮಾಡುತ್ತದೆ, ತೂಕ ಹೆಚ್ಚಾದರೆ ಹಿಡಿತ ಹೆಚ್ಚು. ನೀರು ಕುಡಿದ ಜೇಡಿಯಲ್ಲಿ ಉಲ್ಟಾ. ಗಾಲಿ ಹಾದು ಹೋಗುವ ಕ್ಷಣದಲ್ಲಿ ನೀರು ಹೊರಗೆ ಹೋಗಲು ವೇಳೆ ಇಲ್ಲ, ಭಾರವನ್ನು ನೀರೇ ಹೊರುತ್ತದೆ, ಕಣ ಕಣಕ್ಕೆ ಒತ್ತಿಕೊಳ್ಳುವುದಿಲ್ಲ. ಹಾಗಾಗಿ ಫ್ರಿಕ್ಷನ್ ಭಾಗ ಸುಮಾರು ಸೊನ್ನೆ. ಉಳಿಯುವುದು ಮೊದಲ ಭಾಗ ಮಾತ್ರ. "ಹಿಂದೆ ನಾಲ್ಕು ಜನ ಹತ್ತಿ ಕುಂದರ್ರಿ, ವಜನ್ ಬಿದ್ರ ಹಿಡೀತೈತಿ" ಅಂತ ನಮ್ಮಲ್ಲೊಬ್ಬ ಹೇಳಿದ. ನಾವು ಹತ್ತಿದೆವು, ಗಾಡಿ ಇನ್ನಷ್ಟು ಕುಸಿಯಿತು. ಮರಳಿನ ಔಷಧವನ್ನು ಎರಿಗೆ ಕುಡಿಸಿದ್ದೆವು.

ಈಗ ಅಂಕಿ ಹಾಕೋಣ. ಜನ, ಸಾಮಾನು ಸೇರಿ ಗಾಡಿ 1800 ಕೆಜಿ ಅಂತ ಹಿಡಿಯಿರಿ. ಒಂದು ಗಾಲಿಗೆ 450 ಕೆಜಿ, ಅಂದರೆ ಸುಮಾರು 4400 ನ್ಯೂಟನ್. ಟೈರು ನೆಲಕ್ಕೆ ಹಾಕುವ ಒತ್ತಡ, ಒಳಗಿನ ಗಾಳಿಯ ಒತ್ತಡಕ್ಕೆ ಸುಮಾರು ಸಮ ಅಂತ ಅಂದಾಜು ಮಾಡಬಹುದು. ಟೈರಿನ ಗೋಡೆಯ ಬಿಗುವಿನಿಂದ ಸ್ವಲ್ಪ ವ್ಯತ್ಯಾಸ ಬರುತ್ತದೆ, ಅದನ್ನು ಸದ್ಯ ಬಿಡೋಣ.

ರಸ್ತೆಗೆ ಹಾಕುವ 30 ಪಿಎಸ್‌ಐ ಅಂದರೆ 207 ಕಿಲೋಪ್ಯಾಸ್ಕಲ್. ತಾಗುವ ವಿಸ್ತೀರ್ಣ = 4400 ÷ 207000 = 0.0213 ಚದರ ಮೀಟರ್. ಸುಮಾರು ಒಂದು ಅಂಗೈ ಅಗಲಿಸಿ ಇಟ್ಟಷ್ಟು ಜಾಗ. ಅಷ್ಟರ ಮೇಲೆ 450 ಕೆಜಿ!

ಮೆತ್ತನೆ ಜೇಡಿಯ ಕೊಹೀಶನ್ 20 ಕಿಲೋಪ್ಯಾಸ್ಕಲ್ ಅಂದುಕೊಳ್ಳಿ. ಒಂದು ಗಾಲಿಯ ಹಿಡಿತ = 0.0213 × 20000 = ಸುಮಾರು 425 ನ್ಯೂಟನ್. ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದರೆ ವಿಸ್ತೀರ್ಣ ಎರಡು ಪಟ್ಟು, ಹಿಡಿತವೂ ಎರಡು ಪಟ್ಟು, ಅಂದರೆ 850 ನ್ಯೂಟನ್.

ಇನ್ನೊಂದು ಕಡೆ, ರಾಡಿ ಗಾಡಿಯನ್ನು ತಡೆಯುತ್ತದೆ. ತಡೆ ತೂಕದ ಶೇಕಡಾ 15 ಅಂತ ಹಿಡಿದರೆ ಸುಮಾರು 2650 ನ್ಯೂಟನ್. ಈಗ ನಾಲ್ಕು ಪರಿಸ್ಥಿತಿ ನೋಡಿ.

ಎರಡು ಗಾಲಿ ಎಳೆತ, 30 ಪಿಎಸ್‌ಐ: 850 ನ್ಯೂಟನ್. ಸಾಲದು.
ನಾಲ್ಕು ಗಾಲಿ ಎಳೆತ, 30 ಪಿಎಸ್‌ಐ: 1700 ನ್ಯೂಟನ್. ಸಾಲದು.
ಎರಡು ಗಾಲಿ ಎಳೆತ, 15 ಪಿಎಸ್‌ಐ: 1700 ನ್ಯೂಟನ್. ಸಾಲದು.
ನಾಲ್ಕು ಗಾಲಿ ಎಳೆತ, 15 ಪಿಎಸ್‌ಐ: 3400 ನ್ಯೂಟನ್. ಗಾಡಿ ಹೋಗುತ್ತದೆ.

ಅಂದರೆ ಫೋರ್ ವೀಲ್ ಡ್ರೈವ್ ಅನ್ನುವ ಲಿವರ್ ಮಾತ್ರ ಸಾಕಾಗುವುದಿಲ್ಲ. ಸಾವಿರಾರು ರೂಪಾಯಿಯ ಸಾಮಾನು ಬೇಡ, ಟೈರಿನ ವಾಲ್ವ್ ಒತ್ತುವ ಒಂದು ಕಡ್ಡಿ ಬೇಕಿತ್ತು. ನಮ್ಮ ಮೂರನೇ ಗಾಡಿ ಎರಡನೇ ಸಾಲಿನಲ್ಲಿ ನಿಂತಿತ್ತು.

ಕುಸಿಯುವ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಫೌಂಡೇಶನ್ ಪಾಠದಲ್ಲಿ ಬೇರಿಂಗ್ ಕೆಪ್ಯಾಸಿಟಿ ಓದಿದ್ದೀರಿ. ಮೆತ್ತನೆ ಜೇಡಿ ಹೊರಬಲ್ಲ ಒತ್ತಡ ಅದರ ಕೊಹೀಶನ್ನಿನ ಸುಮಾರು 6 ಪಟ್ಟು. ನಮ್ಮ ಉದಾಹರಣೆಯಲ್ಲಿ 120 ಕಿಲೋಪ್ಯಾಸ್ಕಲ್. 207 ಹಾಕಿದರೆ ಟೈರು ಮುಳುಗುತ್ತದೆ. 103 ಹಾಕಿದರೆ ತೇಲುತ್ತದೆ. ಮನೆ ಪಾಯಕ್ಕೂ ಜೀಪಿನ ಟೈರಿಗೂ ಒಂದೇ ನಿಯಮ, ಪಾಯ ಓಡಾಡುವುದಿಲ್ಲ ಅಷ್ಟೇ.

ಈ ಶಾಸ್ತ್ರಕ್ಕೆ ಟೆರಾಮೆಕ್ಯಾನಿಕ್ಸ್ ಅಂತ ಹೆಸರು. ಇದನ್ನು ಕಟ್ಟಿದವರಲ್ಲಿ ಮುಖ್ಯ ಹೆಸರು ಪೋಲೆಂಡ್ ಮೂಲದ ಎಂ. ಜಿ. ಬೆಕ್ಕರ್. 1971ರಲ್ಲಿ ಅಪೊಲೊ 15ರ ಜೊತೆ ಚಂದ್ರನ ಮೇಲೆ ಓಡಿದ ರೋವರ್ ಗಾಡಿಯ ವಿನ್ಯಾಸದಲ್ಲೂ ಅವರ ಕೆಲಸ ಇದೆ. ಚಂದ್ರನ ಧೂಳಿನಲ್ಲಿ ಗಾಲಿ ಎಷ್ಟು ಇಳಿದೀತು ಅನ್ನುವ ಪ್ರಶ್ನೆಗೂ ಇಟ್ಟಂಗಿಹಾಳದ ರಾಡಿಯ ಪ್ರಶ್ನೆಗೂ ಬೇರು ಒಂದೇ.

ನಾಲ್ಕು ಗಾಲಿ ಅಂದರೆ ನಿಜಕ್ಕೂ ನಾಲ್ಕೇ?

ನಮ್ಮ ಊರಿನ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ, ತೂಕ ಸುಮಾರು 55 ಟನ್. ಅದನ್ನು ಇಲ್ಲಿಗೆ ತರಲು ನೂರಾರು ಎತ್ತು, ಹತ್ತು ಆನೆ ಹೂಡಿದ್ದರು ಅಂತ ಹೇಳುತ್ತಾರೆ. ಒಂದು ಎತ್ತಿನ ಕಾಲು ಜಾರಿದರೂ ಉಳಿದವು ಎಳೆಯುತ್ತವೆ. ಎಳೆತ ಹಲವು ಕಾಲುಗಳಿಗೆ ಹಂಚಿರುವುದೇ ಲಾಭ. ಗಾಡಿಯಲ್ಲೂ ಹಾಗೇ ಇರಬೇಕಿತ್ತು. ಆದರೆ ನಡುವೆ ಡಿಫರೆನ್ಷಿಯಲ್ ಅಂತ ಒಂದಿದೆ.

ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಅದಕ್ಕಾಗಿ ಡಿಫರೆನ್ಷಿಯಲ್ ಎರಡೂ ಗಾಲಿಗೆ ಬೇರೆ ಬೇರೆ ವೇಗ ಕೊಡುತ್ತದೆ. ಆದರೆ ಟಾರ್ಕ್ ಮಾತ್ರ ಎರಡಕ್ಕೂ ಸಮ. ಎಡಗಾಲಿ ಬೆಣ್ಣಿಯಂಥ ರಾಡಿಯಲ್ಲಿ 200 ನ್ಯೂಟನ್ ಅಷ್ಟೇ ತಡೆಯುತ್ತದೆ ಅಂದರೆ, ಬಲಗಾಲಿ ಗಟ್ಟಿ ನೆಲದ ಮೇಲಿದ್ದರೂ ಅದಕ್ಕೆ ಸಿಗುವುದು ಅದೇ 200. ಒಟ್ಟು 400. ಎಡಗಾಲಿ ಗಿರಗಿರ ತಿರುಗುತ್ತದೆ, ಬಲಗಾಲಿ ಸುಮ್ಮನೆ ನೋಡುತ್ತ ನಿಲ್ಲುತ್ತದೆ. ಮುಂದೆ ಒಂದು, ಹಿಂದೆ ಒಂದು ಗಾಲಿ ಹೀಗೆ ಜಾರಿದರೆ ಫೋರ್ ವೀಲ್ ಡ್ರೈವ್ ಹಾಕಿದ ಗಾಡಿಯೂ ಕದಲುವುದಿಲ್ಲ. ಇದಕ್ಕೆ ಮದ್ದು ಡಿಫರೆನ್ಷಿಯಲ್ ಲಾಕ್, ಇಲ್ಲವೇ ತಿರುಗುವ ಗಾಲಿಗೆ ಮಾತ್ರ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ.

ಥಾರ್, ಜಿಮ್ನಿಯಂಥ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಟ್ರಾನ್ಸ್‌ಫರ್ ಕೇಸ್ ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ರಾಡಿಯಲ್ಲಿ ಇದು ಸರಿ, ಗಾಲಿ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಒಣ ಟಾರ್ ರಸ್ತೆಯಲ್ಲಿ ಹಾಗೇ ತಿರುಗಿದರೆ ಜಾರಲು ಜಾಗ ಇಲ್ಲದೆ ಶಾಫ್ಟು ಹುರಿಗೊಂಡು ಗೇರಿಗೆ ಪೆಟ್ಟು. ಆದ್ದರಿಂದ ಊರ ರಸ್ತೆ ಸೇರಿದ ಕೂಡಲೇ ಎರಡು ಗಾಲಿಗೆ ಮರಳಬೇಕು.

ಲೋ ರೇಂಜ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಅದು ಹಿಡಿತ ಹೆಚ್ಚಿಸುವುದಿಲ್ಲ. ಜಿಮ್ನಿಯಲ್ಲಿ ಅದು ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ, ಅಷ್ಟೇ. ಲಾಭ ಇರುವುದು ನಿಧಾನದಲ್ಲಿ: ಗಾಲಿ ಸಾವಕಾಶ ತಿರುಗಿದರೆ ಮಣ್ಣು ಕತ್ತರಿಸಿ ಹೋಗುವುದಿಲ್ಲ. ಜೋರಾಗಿ ತಿರುಗುವ ಗಾಲಿ ಬಾವಿ ತೋಡುವ ಯಂತ್ರ.

ಹಗ್ಗ ಅಂದರೆ ಬಿಲ್ಲು

ಇನ್ನು ಮೈ ಜುಂ ಅನ್ನುವ ಭಾಗ. ಆಕ್ಸಲ್ ತಾಗಿದ ಮೇಲೆ ನಮ್ಮವರು ಮುಂದಿನ ಗಾಡಿಗೆ ಹಗ್ಗ ಕಟ್ಟಿದರು. ಕಟ್ಟಿದ್ದು ಟ್ರೇಲರ್ ಜೋಡಿಸುವ ಗುಂಡಿಗೆ. ಮುಂದಿನ ಗಾಡಿ ಹಿಂದೆ ಬಂದು, ಹಗ್ಗ ಸಡಿಲ ಬಿಟ್ಟು, ಜೋರಾಗಿ ಜಗ್ಗುವುದು ಅಂತ ತಯಾರಿ. ನಾನು ಫೋಟೊ ತೆಗೆಯಲು ಹಗ್ಗದಿಂದ ಎರಡು ಹೆಜ್ಜೆ ದೂರ ನಿಂತಿದ್ದೆ.

ಆಗ ಹೊಲದ ಒಡ್ಡಿನ ಮೇಲಿಂದ ಒಬ್ಬ ಹಿರಿಯರು ಚೀರಿದರು: "ಏ ತಮ್ಮಾ, ಹಗ್ಗದ ಬಾಜೂಕ ನಿಂದರಬ್ಯಾಡೋ! ಹರೀತಂದ್ರ ತೆಲಿ ಹೋಗತೈತಿ!"

ಮನೆಗೆ ಬಂದು ಲೆಕ್ಕ ಹಾಕಿದೆ. 2000 ಕೆಜಿ ಗಾಡಿ ಗಂಟೆಗೆ 10 ಕಿಲೋಮೀಟರ್, ಅಂದರೆ ಸೆಕೆಂಡಿಗೆ 2.78 ಮೀಟರ್ ವೇಗದಲ್ಲಿ ಜಗ್ಗಿದರೆ ಚಲನ ಶಕ್ತಿ ½ × 2000 × 2.78 × 2.78 = ಸುಮಾರು 7700 ಜೂಲ್. ಹಿಗ್ಗುವ ಹಗ್ಗ ಇದನ್ನೇ ಬಿಲ್ಲಿನ ಹಾಗೆ ಒಳಗೆ ತುಂಬಿಕೊಳ್ಳುತ್ತದೆ. ಕೊಂಡಿ ಮುರಿದರೆ, ಇದರ ಹತ್ತನೇ ಒಂದು ಪಾಲು ಒಂದೂವರೆ ಕೆಜಿ ಕಬ್ಬಿಣಕ್ಕೆ ಸಿಕ್ಕರೂ ಸಾಕು, ಅದರ ವೇಗ ಸೆಕೆಂಡಿಗೆ 32 ಮೀಟರ್. ಗಂಟೆಗೆ 115 ಕಿಲೋಮೀಟರ್! ನಾನು ನಿಂತ ಜಾಗಕ್ಕೆ ಅದು ಕಣ್ಣು ಮಿಟುಕಿಸುವ ಮೊದಲೇ ಬರುತ್ತಿತ್ತು. ಆ ಮುತ್ಯಾಗೆ ಜೂಲ್ ಗೊತ್ತಿರಲಿಲ್ಲ, ಟ್ರ್ಯಾಕ್ಟರಿನ ಸರಪಳಿ ಹರಿದದ್ದು ಗೊತ್ತಿತ್ತು.

ನಿಯಮಗಳು ಸರಳ. ಟ್ರೇಲರ್ ಗುಂಡಿಗೆ ಎಂದೂ ಕಟ್ಟಬಾರದು, ಚಾಸಿಸ್‌ಗೆ ಬೋಲ್ಟ್ ಮಾಡಿದ ರಿಕವರಿ ಕೊಂಡಿಗೇ ಕಟ್ಟಬೇಕು. ಜಗ್ಗಿ ಎಳೆಯಲು ಹಿಗ್ಗುವ ನೈಲಾನ್ ಹಗ್ಗವೇ ಬೇಕು, ಸರಪಳಿ ಅಥವಾ ಉಕ್ಕಿನ ತಂತಿಯಿಂದ ಜಗ್ಗಬಾರದು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ದಪ್ಪ ಕಂಬಳಿ ಹೊದಿಸಬೇಕು, ಹರಿದರೆ ಅದು ಹಾರುವುದನ್ನು ತಗ್ಗಿಸುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಚಾಲಕರನ್ನು ಬಿಟ್ಟು ಯಾರೂ ಇರಬಾರದು.

ಎಲ್ಲಕ್ಕಿಂತ ಮೊದಲು ಸಲಿಕೆ ಹಿಡಿಯಬೇಕು. ಸೈನ್ಯದಲ್ಲಿ ಹೀಗೆ ಅಂದಾಜು ಮಾಡುತ್ತಾರೆ: ಗಾಲಿ ಮುಳುಗುವಷ್ಟು ಸಿಕ್ಕಿದ್ದರೆ ಎಳೆಯಲು ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೋದರೆ ಎರಡು ಪಟ್ಟು. ಹತ್ತು ನಿಮಿಷ ಅಗೆದರೆ ಆ ಬಲ ಎಷ್ಟೋ ಇಳಿಯುತ್ತದೆ. ನಾವು ಕೊನೆಗೆ ಮಾಡಿದ್ದೂ ಅದೇ. ಹಗ್ಗ ಬಿಚ್ಚಿದೆವು. ನಾಲ್ಕೂ ಗಾಲಿಯ ಮುಂದೆ ಇಳಿಜಾರು ಆಗುವ ಹಾಗೆ ಅಗೆದೆವು, ಹೊಟ್ಟೆಯ ಕೆಳಗಿನ ಮಣ್ಣು ತೆಗೆದೆವು. ಮಡ್ಡಿಯಿಂದ ಗೋಣಿಚೀಲದಲ್ಲಿ ಗರಸು ಹೊತ್ತು ತಂದು ಹಾಸಿದೆವು. ಗಾಳಿ 15ಕ್ಕೆ ಇಳಿಸಿ, ಲೋ ರೇಂಜ್ ಎರಡನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟಾಗ ಗಾಡಿ ಯಾರೂ ಎಳೆಯದೆ ತಾನೇ ಹೊರಗೆ ಬಂತು.

ಮುತ್ಯಾನ ಹೊಲ

ನಾವು ಚಪ್ಪಾಳೆ ಹೊಡೆಯುತ್ತಿದ್ದಾಗ ಮುತ್ಯಾ ಹೊಲದಲ್ಲಿ ನಡೆಯುತ್ತಿದ್ದರು. ನಾಲ್ಕನೇ ಗಾಡಿ ಬಿಟ್ಟುಹೋದ ಎರಡು ಗಾಲಿ ಗೆರೆಯ ಗುಂಟ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ನಲವತ್ತು ಹೆಜ್ಜೆ. ಬಿಳಿಜೋಳ ಬಿತ್ತಿ ಐದು ದಿನ ಆಗಿತ್ತು.

"ಎರಿ ಹಸಿ ಇದ್ದಾಗ ನಾವು ಎತ್ತ ಸುದ್ದಾ ಹೊಲಕ್ಕ ಇಳಸಂಗಿಲ್ಲ. ನೀವು ಗಾಡಿ ಇಳಿಸೀರಿ" ಅಂದರು. ಸಿಟ್ಟಿಲ್ಲ, ಬೇಜಾರು ಇತ್ತು.

"ತಪ್ಪಾತ್ರಿ ಮುತ್ಯಾ. ಎಷ್ಟ ನುಕಸಾನ ಆಗೇತಿ ಹೇಳ್ರಿ, ಕೊಡ್ತೀವಿ."

"ರೊಕ್ಕ ಕೊಟ್ರ ನೆಲ ಸಡ್ಲ ಆಗತೈತೇನು? ಎಂಟ ದಿನ ಬಿಟ್ಟು ಹದಕ್ಕ ಬರತೈತಿ. ಆವಾಗ ಗುದ್ದಲಿ ತಗೊಂಡ ಬರ್ರಿ."

ಹದ ಅನ್ನುವ ಈ ಒಂದು ಪದದಲ್ಲಿ ನಮ್ಮ ಜಿಯೊಟೆಕ್ನಿಕಲ್ ಲ್ಯಾಬಿನ ಅರ್ಧ ಸಿಲಬಸ್ ಇದೆ. ಕೈಯಲ್ಲಿ ಉಂಡೆ ಕಟ್ಟಿದರೆ ಅಂಟಬಾರದು, ಒತ್ತಿದರೆ ಪುಡಿಯಾಗಬೇಕು. ಅದು ತೇವದ ಒಂದು ಕಿರಿದಾದ ಪಟ್ಟಿ. ಅದಕ್ಕಿಂತ ಹಸಿ ಇದ್ದಾಗ ಭಾರ ಬಿದ್ದರೆ ಮಣ್ಣಿನೊಳಗಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಅದು ಹಲಗೆಯಂತಾಗುತ್ತದೆ. ಮೊಳಕೆ ಮೇಲೆ ಬರಲು, ಬೇರು ಕೆಳಗೆ ಇಳಿಯಲು ಆಗುವುದಿಲ್ಲ. ಹಿಂಗಾರಿ ಜೋಳಕ್ಕೆ ಮುಂದೆ ಮಳೆ ಇಲ್ಲ, ಆಳದ ತೇವವೇ ಗತಿ. ಬೇರು ಆಳಕ್ಕೆ ಹೋಗದಿದ್ದರೆ ತೇವ ಇದ್ದೂ ಇಲ್ಲದಂತೆ.

ಎಂಟು ದಿನ ಬಿಟ್ಟು ನಾವು ನಾಲ್ಕು ಜನ ಹೋದೆವು. ಗೆರೆಯ ಮಣ್ಣಿಗೆ ಗುದ್ದಲಿ ಹಾಕಿದರೆ ಟಣ್ ಅನ್ನುತ್ತಿತ್ತು. ಪಕ್ಕದ ನೆಲದಲ್ಲಿ ಅದೇ ಗುದ್ದಲಿ ಸುಲಭವಾಗಿ ಇಳಿಯಿತು. ಮಧ್ಯಾಹ್ನದ ತನಕ ಸಡಿಲ ಮಾಡಿ, ಮುತ್ಯಾ ಕೊಟ್ಟ ಬೀಜ ಕೈಯಿಂದ ಊರಿದೆವು. ಅವರ ಮನೆಯವರು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ತಿನ್ನುವಾಗ ತಲೆ ಎತ್ತಿ ನೋಡಲು ನಾಚಿಕೆ ಆಯಿತು. ಜನವರಿಯಲ್ಲಿ ಮತ್ತೆ ಹೋಗಿದ್ದೆ. ಹೊಲವೆಲ್ಲ ತೆನೆ ತೂಗುತ್ತಿತ್ತು. ನಡುವೆ ಎರಡು ಗೆರೆ ಮಾತ್ರ ಗಿಡ್ಡ, ತೆಳು. ನಾಲ್ಕು ತಿಂಗಳಾದರೂ ನಮ್ಮ ಗಾಡಿ ಎಲ್ಲಿ ಹೋಗಿತ್ತು ಅಂತ ದೂರದಿಂದಲೇ ತೋರಿಸಬಹುದಿತ್ತು.

ಹೊರಡುವ ಮೊದಲು

ಗುಂಪಿನಲ್ಲಿ ಹೋಗುವವರಿಗೆ ನಾವು ಕಲಿತದ್ದನ್ನು ಒಟ್ಟು ಮಾಡಿ ಹೇಳುತ್ತೇನೆ.

ಎರಿ ನೆಲ ಇದ್ದಲ್ಲಿ ಮಳೆ ಆದ ಮೇಲೆ ಹದಕ್ಕೆ ಬರುವ ತನಕ ಹೋಗಬೇಡಿ. ಗರಸು, ಮಡ್ಡಿ ಆದರೆ ನಡೆದೀತು. ದಾರಿ ಯಾರ ಹೊಲದ ಪಕ್ಕ ಹೋಗುತ್ತದೋ ಅವರನ್ನು ಕೇಳಿ ಹೋಗಿ, ದಾರಿ ಬಿಟ್ಟು ಒಡ್ಡು ದಾಟಬೇಡಿ. ಅರಣ್ಯ ಇಲಾಖೆಯ ಜಾಗಕ್ಕೆ ಅನುಮತಿ ಇಲ್ಲದೆ ಇಳಿಯಬೇಡಿ.

ಕನಿಷ್ಠ ಎರಡು ಗಾಡಿ ಇರಲಿ. ಅನುಭವಿ ಚಾಲಕರು ಒಬ್ಬರು ಮುಂದೆ, ಒಬ್ಬರು ಕೊನೆಗೆ. ಪ್ರತಿಯೊಬ್ಬರೂ ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುತ್ತಿದೆಯೇ ಅಂತ ನೋಡಿಕೊಳ್ಳಬೇಕು. ಅನುಮಾನ ಇದ್ದ ಜಾಗದಲ್ಲಿ ಮೊದಲು ಇಳಿದು ನಡೆದು ನೋಡಿ. ಹಿಮ್ಮಡಿ ಪೂರ್ತಿ ಹೂತರೆ ಗಾಡಿಯೂ ಹೂಳುತ್ತದೆ.

ಗಾಳಿ ಇಳಿಸುವುದು ರಾಡಿಗೆ ಇಳಿಯುವ ಮೊದಲು, ಸಿಕ್ಕಿಬಿದ್ದ ಮೇಲೆ ಅಲ್ಲ. ಟಾರ್ ರಸ್ತೆಗೆ ಬರುವ ಮೊದಲು ಪಂಪಿನಿಂದ ಮತ್ತೆ ತುಂಬಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾಯುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಕಳಚಲೂಬಹುದು.

ಗಾಡಿ ಎತ್ತರಿಸಿ, ಕಂಪನಿ ಒಪ್ಪದ ಅಳತೆಯ ಟೈರು ಹಾಕಿಸುವ ಆಸೆ ಇದ್ದವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶ ಇಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಮಾಡಿ ನೋಡಿ

1. ಮೇಲಿನ ಉದಾಹರಣೆಯಲ್ಲಿ ಗಾಳಿ 20 ಪಿಎಸ್‌ಐ ಇದ್ದರೆ ನಾಲ್ಕು ಗಾಲಿಯ ಒಟ್ಟು ಹಿಡಿತ ಎಷ್ಟು? ಗಾಡಿ ಹೊರಗೆ ಬಂದೀತೇ? (1 ಪಿಎಸ್‌ಐ = 6.9 ಕಿಲೋಪ್ಯಾಸ್ಕಲ್.) ಒಂದು ಸುಳಿವು: ಹಿಡಿತದ ಲೆಕ್ಕದಲ್ಲಿ ಸಿಗುವ ಉತ್ತರಕ್ಕೂ, ಕುಸಿಯುವ ಲೆಕ್ಕದಲ್ಲಿ ಸಿಗುವ ಉತ್ತರಕ್ಕೂ ಹೋಲಿಸಿ ನೋಡಿ.

2. ಹೊಲದ ಒಡ್ಡು ದಾಟುವಾಗ ಗಾಡಿಯ ಹೊಟ್ಟೆ ತಾಗುತ್ತದೆಯೇ? ಹೊಟ್ಟೆಯ ಎತ್ತರವನ್ನು ವೀಲ್‌ಬೇಸಿನ ಅರ್ಧದಿಂದ ಭಾಗಿಸಿ. ಆ ಸಂಖ್ಯೆ ಯಾವ ಕೋನದ ಟ್ಯಾನ್ ಆಗುತ್ತದೋ ಅದರ ಎರಡು ಪಟ್ಟು ಸುಮಾರಾಗಿ ಬ್ರೇಕ್‌ಓವರ್ ಕೋನ. ವೀಲ್‌ಬೇಸ್ 2450 ಮಿ.ಮೀ., ಹೊಟ್ಟೆಯ ಎತ್ತರ 290 ಮಿ.ಮೀ. ಇದ್ದರೆ ಎಷ್ಟು?

3. ನಿಮ್ಮ ಊರಿನ ಹಿರಿಯರೊಬ್ಬರನ್ನು ಹದ ಅಂದರೇನು, ಹೇಗೆ ಗುರುತಿಸುತ್ತೀರಿ ಅಂತ ಕೇಳಿ. ಅವರು ಹೇಳಿದ ಮಣ್ಣನ್ನು ಒಂದು ಡಬ್ಬಿಯಲ್ಲಿ ತಂದು ಲ್ಯಾಬಿನಲ್ಲಿ ತೇವದ ಪ್ರಮಾಣ ಅಳೆಯಿರಿ. ಪ್ಲಾಸ್ಟಿಕ್ ಲಿಮಿಟ್‌ಗೆ ಅದು ಎಷ್ಟು ಹತ್ತಿರ ಇದೆ ನೋಡಿ.

ಮೂರನೆಯದಕ್ಕೆ ಉತ್ತರ ಸಿಕ್ಕವರು ನಮಗೂ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಮುತ್ಯಾಗೂ ತೋರಿಸಬೇಕು.